ರಾಕ್ಷಸನಿಗೆ ಜ್ವರ ಬಂದದ್ದು

ಚಿಂತಾಮಣಿ
ಮಂಗಳವಾರ, 22-4-2025

ಪ್ರೀತಿಯ ವೆಂಕಟರತ್ನಕ್ಕನಿಗೆ ತಮ್ಮ ರಮೇಶ್‌ಬಾಬುವಿನ ನಮಸ್ಕಾರಗಳು.

ತಮಟೆ ಹೊಡೆಸಿ ಊರಿಗೆಲ್ಲ ಸಾರಬೇಕಾದ ಸುದ್ದಿಯೊಂದನ್ನು ಮೊದಲು ನಿನಗೇ ತಿಳಿಸುತ್ತಿದ್ದೇನೆ: ನಮ್ಮ ಮನೆಯಲ್ಲಿ ಒಂದು ಮಗು ಪುಸ್ತಕ ಓದುತ್ತಿದೆ. ಬೇಸಿಗೆ ರಜೆಯಲ್ಲಿ, ಹಗಲು ಹೊತ್ತಿನಲ್ಲಿ, ಯಾರೂ ಗದರದೆ, ನಿನ್ನ ಸೋದರಸೊಸೆ ಹರಿಣಿ ಮೂರು ದಿನದಿಂದ ಓದುತ್ತಿದ್ದಾಳೆ. ಹೆತ್ತ ತಂದೆ ಇದಕ್ಕೆ ಸಂತೋಷಪಡಬೇಕಿತ್ತು. ನಾನು ಮಾತ್ರ ಅವಳ ಬೆನ್ನ ಹಿಂದೆ ಪತ್ತೇದಾರಿಗೆ ಇಳಿದೆ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎನ್ನುತ್ತೀಯೇನೋ. ರಜೆ ಶುರುವಾದ ದಿನ ನಾನೇ ಹೊರಡಿಸಿದ ಶಾಸನದ ಪ್ರಕಾರ ಮನೆಯ ಫೋನುಗಳೆಲ್ಲ ಸಂಜೆಯವರೆಗೆ ಬೀರುವಿನೊಳಗೆ, ಬೀಗದ ಕೈ ಮನೆಯೊಡತಿ ಶಿರೀಷಾಳ ಸೊಂಟದಲ್ಲಿ. ಸಂಜೆ ಮಾತಾಡೋಣವೆಂದರೆ ಹರಿಣಿ ಪಕ್ಕದಲ್ಲೇ ಕೂತಿರುತ್ತಾಳೆ. ಬರೆಯಲು ಕೂತಾಗ ಇದು ಅವಳು ಕೇಳಬಾರದ ವಿಷಯವಾಗಿತ್ತು.

ಶಾಸನದ ಎರಡನೇ ಭಾಗ: ಒಂದು ಪುಸ್ತಕ ಓದಿದರೆ ಒಂದು ಗಂಟೆ ಫೋನು. ಅವಳಿಗೆ ಉತ್ಸಾಹ ಬರಲೆಂದು ಟ್ರಂಕಿನಿಂದ ನನ್ನ ಹಳೆಯ ನೋಟ್‌ಬುಕ್ಕನ್ನೂ ತೆಗೆದು ಮುಂದಿಟ್ಟೆ. ನೆನಪಿರಬೇಕು ನಿನಗೆ. ಕೆಂಚಾರ್ಲಹಳ್ಳಿಯಲ್ಲಿ ನಾನು ಐದನೇ ಕ್ಲಾಸಿನ ರಜೆಯಲ್ಲಿ ಬರೆದ ಹದಿನಾಲ್ಕು ಪುಸ್ತಕಗಳ ಸಾರಾಂಶ. ಶಾಲೆ ತೆರೆದ ದಿನ ಹೆಡ್‌ಮೇಷ್ಟ್ರು ಅದಕ್ಕೆ ಶಾಯಿ ಪೆನ್ನು ಬಹುಮಾನ ಕೊಟ್ಟು, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. “ನೋಡಮ್ಮಾ, ನಿನ್ನಷ್ಟಿದ್ದಾಗ ನಿಮ್ಮಪ್ಪ ಹಿಂಗೆ ಓದ್ತಿದ್ದ” ಎಂದು ಎದೆಯುಬ್ಬಿಸಿ ಹೇಳಿದೆ. ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾಯಿತು.

ಮೊದಲ ದಿನ ಓದಿದಳು, ಫೋನು ಕೇಳಿದಳು. ಎರಡನೇ ದಿನ ಓದಿದಳು, ಕೇಳಲಿಲ್ಲ. ಫೋನು ಕೇಳದ ಹತ್ತು ವರ್ಷದ ಮಗುವನ್ನು ನೀನು ನೋಡಿದ್ದೀಯಾ? ಪುಸ್ತಕದ ನಡುವೆ ಏನೋ ಬಚ್ಚಿಟ್ಟಿದ್ದಾಳೆಂಬ ಗುಮಾನಿ ಬಂತು. ಒಣಗಿದ ಬಟ್ಟೆ ಮಡಿಸುವ ನೆಪದಲ್ಲಿ ಹಿಂದಿನಿಂದ ಇಣುಕಿದೆ. ಬಚ್ಚಿಟ್ಟಿದ್ದಳು. ನನ್ನ ನೋಟ್‌ಬುಕ್ಕನ್ನು.

ನೋಟ್‌ಬುಕ್ಕಿನಲ್ಲಿರುವ ಪುಸ್ತಕಗಳನ್ನೇ ಹುಡುಕಿ ಲೈಬ್ರರಿಯಿಂದ ತಂದು, ಪೊಲೀಸರ ಹಾಗೆ ತಾಳೆ ನೋಡುತ್ತಿದ್ದಾಳೆ!

“ಅಪ್ಪಾ, ಲೈಬ್ರರಿ ಬುಕ್ಕಲ್ಲಿ ರಾಕ್ಷಸ ಬಾವಿಗೆ ಬಿದ್ದು ಸಾಯ್ತಾನೆ. ನಿನ್ ಬುಕ್ಕಲ್ಲಿ ಅವನಿಗೆ ಜ್ವರ ಬರುತ್ತೆ.”

ಅದು ಹಳೇ ಮುದ್ರಣ ಇರಬೇಕು ಎಂದೆ.

“ಜಿಪುಣ ಸಾಹುಕಾರಂಗೂ ಜ್ವರ. ಕೆಟ್ಟ ಮಂತ್ರಿಗೂ ಜ್ವರ. ಎಲ್ರೂ ಊಟ ಬಿಟ್ಟು, ತಲೆ ಮೇಲೆತ್ಕೊಂಡು, ಅಲ್ಲಾಡದೆ ಕೂತಿರ್ತಾರೆ. ಆಮೇಲೆ ಹಳೇ ಚರ್ಮ ಬಿಟ್ಟು ಎದ್ದು ಒಳ್ಳೆಯವರಾಗ್ತಾರೆ. ಇವರ್ಯಾರೂ ಡಾಕ್ಟ್ರ ಹತ್ರ ಯಾಕಪ್ಪಾ ಹೋಗಲ್ಲ?”

ಅಡುಗೆಮನೆಯಲ್ಲಿ ಶಿರೀಷಾ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

ಅಕ್ಕಾ, ಸುಳ್ಳು ಯಾಕೆ, ಆಗ ನನಗೆ ಅನುಮಾನ ಬಂದದ್ದು ನಿನ್ನ ಮೇಲೆ. ಬೇಕೆಂದೇ ತಪ್ಪು ಕೊನೆಗಳನ್ನು ಹೇಳಿ, ಮೂವತ್ತೆರಡು ವರ್ಷ ಕಾದು, ನನ್ನ ಮಗಳ ಕೈಗೇ ಸಿಕ್ಕಿಸಿದೆಯಲ್ಲಾ ಎಂದು. ಈ ಪತ್ರದ ಮೊದಲ ಪ್ರತಿಯಲ್ಲಿ ನಿನ್ನನ್ನು ಬೈದು, ಕೊನೆಗೆ “ಹರಿಣಿ ಕೇಳಿದರೆ ನಾನೇ ಓದಿದ್ದೆಂದು ಹೇಳಿಬಿಡು” ಎಂದು ಅಂಗಲಾಚಿದ್ದೆ.

ಅಂಚೆಗೆ ಹಾಕುವ ಮೊದಲೇ ಅಮ್ಮ ಬಾಯಿ ಬಿಟ್ಟಳು. ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದವಳು, “ಅದು ಕಾಯಿಲೆ ಜ್ವರ ಅಲ್ಲ ಕಣೇ ಹರಿಣಮ್ಮಾ, ಹುಳದ ಜ್ವರ. ರೇಷ್ಮೆಹುಳ ಸೊಪ್ಪು ತಿನ್ನೋದು ಬಿಟ್ಟು, ಪೊರೆ ಕಳಚಿ ಏಳ್ತದಲ್ಲ, ಅದಕ್ಕೇ ಜ್ವರ ಅನ್ನೋದು” ಎಂದಳು. ಅಷ್ಟಕ್ಕೇ ನಿಲ್ಲಿಸಬಾರದೇ? “ಇವನಿಗೇನು ಗೊತ್ತು ಅದೆಲ್ಲ? ವಾಸನೆ ಅಂತ ಹುಳದ ಮನೆ ಹೊಸಲೇ ದಾಟ್ತಿರಲಿಲ್ಲ. ಅಲ್ಲಿ ಕೂತು ಓದ್ತಿದ್ದವಳು ನಿಮ್ಮತ್ತೆ. ಹುಳದ ತಟ್ಟೆಗೆ ಹಾಸೋಕೆ ಕಾಗದ ಸಾಲದೆ ಆ ಪುಸ್ತಕಗಳ ಕೊನೇ ಹಾಳೆಗಳನ್ನೆಲ್ಲ ನಾನೇ ಕಿತ್ಕೊಂಡಿದ್ದೆ” ಎಂದುಬಿಟ್ಟಳು.

ನೀನು ಓದುವ ಹೊತ್ತಿಗೆ ಕಥೆಗಳ ಕೊನೆ ಹುಳಗಳ ಕೆಳಗೆ ಹೋಗಿತ್ತು. ಅದಕ್ಕೇ ಕೊನೆಗಳನ್ನು ನೀನೇ ಕಟ್ಟಿದೆ. ನನಗೆ ಇದು ನಿನ್ನೆಯವರೆಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದನ್ನು ಈಗ ಬರೆಯುತ್ತೇನೆ. ಏಳನೇ ಕ್ಲಾಸಿಗೆ ನಿನ್ನನ್ನು ಶಾಲೆ ಬಿಡಿಸಿ ಹುಳದ ಮನೆಗೆ ಹಾಕಿದ್ದರು. ನೀನು ಒಳಗೆ ಸೊಪ್ಪು ಹಾಕುತ್ತಾ ಕಥೆ ಹೇಳುತ್ತಿದ್ದೆ, ನಾನು ಜಗುಲಿಯಲ್ಲಿ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಬರೆದುಕೊಳ್ಳುತ್ತಿದ್ದೆ. ಹದಿನಾಲ್ಕರಲ್ಲಿ ಒಂದು ಪುಸ್ತಕವನ್ನೂ ನಾನು ತೆರೆಯಲಿಲ್ಲ. ಬಹುಮಾನ ತಂದ ಸಂಜೆ ನೀನು ಒಂದೇ ಸಲ ಆ ಪೆನ್ನು ಹಿಡಿದು ನೋಡುತ್ತೇನೆಂದೆ. ಮುರಿದುಹಾಕ್ತೀಯ ಎಂದು ನಾನು ಕೊಡಲಿಲ್ಲ.

ಇದನ್ನೂ ಹರಿಣಿಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. “ಹಂಗಾದ್ರೆ ಬಹುಮಾನ ಅತ್ತೇದು” ಎಂದಳು. ನೋಟ್‌ಬುಕ್ಕನ್ನು ಮತ್ತೆ ತಿರುವಿ, “ಬಾವಿಗೆ ಬೀಳೋದಕ್ಕಿಂತ ಜ್ವರವೇ ಚೆನ್ನಾಗಿದೆ” ಎಂದಳು.

ಈಗ ಅವಳ ತಕರಾರು ಒಂದೇ. ಹದಿನಾಲ್ಕನೇ ಕಥೆಗೆ ಕೊನೆಯೇ ಇಲ್ಲ. ಆ ವಾರ ಹುಳ ಬಲಿತು ಹಣ್ಣಾಗಿ, ಗೂಡು ಕಟ್ಟಲು ಬಿಡುವ ಗಡಿಬಿಡಿ, ನಿನಗೆ ಬಿಡುವಿರಲಿಲ್ಲ. ನಾನು ಅರ್ಧಕ್ಕೇ ಒಪ್ಪಿಸಿದ್ದೆ. ಹೆಡ್‌ಮೇಷ್ಟ್ರು ಅಷ್ಟು ದೂರ ಓದಿರಲಿಲ್ಲವೆಂಬುದು ನನ್ನ ಬಹುಕಾಲದ ಗುಮಾನಿ. ಆ ಪುಸ್ತಕ ಲೈಬ್ರರಿಯಲ್ಲೂ ಇಲ್ಲ. ಕೊನೆ ಅತ್ತೆಯೇ ಬರೆದುಕೊಡಬೇಕಂತೆ. ನಾನು ಹೇಳಿದರೆ ನಂಬುವುದಿಲ್ಲವಂತೆ.

ಶನಿವಾರ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ನೀನು ಹುಳದ ಮನೆಯಲ್ಲಿದ್ದರೆ ಹೊರಗೆ ಬರಬೇಡ. ಈ ಸಲ ನಾನೇ ಹೊಸಲು ದಾಟುತ್ತೇನೆ, ಟವೆಲ್ಲಿಲ್ಲದೆ.

ಇಂತಿ ನಿನ್ನ ತಮ್ಮ, ಓದದೇ ಬಹುಮಾನ ಗೆದ್ದ
ರಮೇಶ

ಮರೆತಿದ್ದೆ: ಈ ಕಾಗದ ಬಾಲ್‌ಪೆನ್ನಿನಲ್ಲಿ ಬರೆದದ್ದು. ಆ ಶಾಯಿ ಪೆನ್ನು ಹರಿಣಿಯ ಬ್ಯಾಗಿನಲ್ಲಿದೆ, ನಿನಗೆ ಕೊಡಲು. ನಿಬ್ಬಿನ ಮುಳ್ಳು ಇನ್ನೂ ಸರಿಯಾಗಿದೆ, ಬಿಸಿನೀರಿನಲ್ಲಿ ತೊಳೆದಿದ್ದೇನೆ. ಇಲ್ಲಿ ನಾಲ್ಕು ಅಂಗಡಿ ತಿರುಗಿದರೂ ಶಾಯಿ ಸಿಗಲಿಲ್ಲ. ಶನಿವಾರದೊಳಗೆ ಒಂದು ಬಾಟಲಿ ತಂದಿಡು.