ಮೀಯಿಸುವ ಕೈ

ಪೆರಾಬೆ
೧ ಡಿಸೆಂಬರ್ ೨೦೨೨, ಗುರುವಾರ

ಮಗಳು ಅಮೀರಾಳಿಗೆ ಉಮ್ಮನ ಸಲಾಂ.

ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ ಹುಷಾರಿದ್ದೇನೆ ಎನ್ನುತ್ತೀ, ಅದನ್ನು ನಂಬಬೇಕಾ ಬೇಡವಾ ಎಂದು ನಾನು ಇಡೀ ದಿನ ತಲೆ ಕೆಡಿಸಿಕೊಳ್ಳಬೇಕು. ಫೋನಿನಲ್ಲಾದರೆ ಬೇಡದ ಪ್ರಶ್ನೆ ಬಂದ ಕೂಡಲೇ "ಆಮೇಲೆ ಮಾಡ್ತೇನೆ ಉಮ್ಮ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಮನೆಯಲ್ಲಿ ಆಡುವುದು ಬ್ಯಾರಿಯಾದರೂ ನನಗೆ ಬರೆಯಲು ಬರುವುದು ಏಳನೇ ಕ್ಲಾಸಿನ ಕನ್ನಡ. ನಿನ್ನನ್ನು ಬೈಯಲು ಅಷ್ಟು ಧಾರಾಳ ಸಾಕು. ನಿನ್ನ ತಮ್ಮ ಫಯಾಝ್ ಮಧ್ಯಾಹ್ನದ ಬುತ್ತಿಯ ಜೊತೆ ಇದನ್ನು ನಿನ್ನ ಬಾಗಿಲ ಹೊರಗೆ ಇಟ್ಟು ಬರುತ್ತಾನೆ.

ಉಗಾಂಡದಿಂದ ಬಂದವಳು ಮನೆಗೆ ಬರದೆ ಪುತ್ತೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಕೂತು ಇವತ್ತಿಗೆ ಹತ್ತೊಂಬತ್ತು ದಿನ. ಬರೀ ನಿಯಮ, ಅಲ್ಲಿಂದ ಬಂದ ನರ್ಸುಗಳೆಲ್ಲ ಇಪ್ಪತ್ತೊಂದು ದಿನ ಬೇರೆ ಇರಬೇಕು ಎಂದೆ. ನಾನು ಮೊದಲು ನಂಬಲೇ ಇಲ್ಲ. ಯಾರನ್ನೋ ಮದುವೆಯಾಗಿ ಕರೆದುಕೊಂಡು ಬಂದಿದ್ದೀ ಎಂದುಕೊಂಡೆ. ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಉಂಟು ನೋಡಿಕೊಂಡು ಬಾ ಎಂದು ಫಯಾಝನಿಗೆ ಹೇಳಿದವಳು ನಾನೇ. ಒಂದೇ ಜೊತೆ ಇತ್ತಂತೆ. ಆಗ ನಿಜವಾದ ಹೆದರಿಕೆ ಶುರುವಾಯಿತು.

ಉಮ್ಮನ ಹೆದರಿಕೆ ಹೋಗಲಿ ಎಂದು ನೀನು ಎಬೋಲದ ಬಗ್ಗೆ ನಾಲ್ಕು ಪುಟ ಬರೆದು ಕಳಿಸಿದೆಯಲ್ಲ, ಅದನ್ನು ಮೂರು ಸಲ ಓದಿದೆ. ಎಪ್ಪತ್ತಾರನೇ ಇಸವಿಯಲ್ಲಿ ಕಾಂಗೋದ ಕಾಡಿನ ಹಳ್ಳಿಯಲ್ಲಿ ಕಾಣಿಸಿಕೊಂಡದ್ದು, ಆ ಹಳ್ಳಿಗೆ ಕೆಟ್ಟ ಹೆಸರು ಬರಬಾರದೆಂದು ನದಿಯೊಂದರ ಹೆಸರಿಟ್ಟದ್ದು, ಅದೇ ವರ್ಷ ಸುಡಾನಿನಲ್ಲಿ ಹರಡಿದ್ದು ಬೇರೆಯೇ ತಳಿ ಎಂದು ಆಮೇಲೆ ತಿಳಿದದ್ದು, ಎಲ್ಲ ಓದಿದೆ. ಮೂಲ ಬಾವಲಿಯೇ ಇರಬೇಕು, ಆದರೆ ಖಚಿತವಿಲ್ಲ ಎಂದು ಬರೆದಿದ್ದೀ. ಬಾವಲಿ ಚೀಪಿ ಹಾಕಿದ ಅಡಿಕೆ ಮುಟ್ಟಬೇಡಿ ಎಂದು ನಾನು ಹೆಕ್ಕುವ ಮಕ್ಕಳಿಗೆ ಗದರಿಸಿದ್ದನ್ನು ಕೇಳಿ ಆಶಾ ಕಾರ್ಯಕರ್ತೆ ಶಂಕರಿಯಕ್ಕ ನಕ್ಕರು. "ಅದು ಆಫ್ರಿಕದ್ದು ಮಾರಾಯ್ರೆ, ನಮ್ಮ ಬಾವಲಿಗೆ ಪಾಪ ಎಂತ ಗೊತ್ತುಂಟು?" ಎಂದರು. ಆದರೂ ಕೈ ತೊಳೆಸಿಯೇ ಕಳಿಸಿದರು.

ನಾಲ್ಕನೇ ಪುಟದಲ್ಲಿ ನೀನು ಸಿಕ್ಕಿಬಿದ್ದೆ. ಲಸಿಕೆ ಇರುವುದು ಜಾಯಿರ್ ಎಂಬ ತಳಿಗೆ ಮಾತ್ರ, ಈ ಸಲ ಉಗಾಂಡದಲ್ಲಿ ಹರಡಿದ್ದು ಸುಡಾನ್ ತಳಿ, ಅದಕ್ಕೆ ಲಸಿಕೆ ಇನ್ನೂ ಬಂದಿಲ್ಲ ಎಂದು ನಿನ್ನ ಕೈಯಾರೆ ಬರೆದಿದ್ದೀ. ಹಾಗಾದರೆ ಅಕ್ಟೋಬರಿನಲ್ಲಿ "ಲಸಿಕೆ ಹಾಕಿಸಿಕೊಂಡಿದ್ದೇನೆ, ಹೆದರಬೇಡ" ಎಂದೆಯಲ್ಲ, ಅದು ಯಾವ ಲಸಿಕೆ ಅಮೀರಾ?

ಆಸ್ಪತ್ರೆಯಲ್ಲಿ ಕಾಗದಪತ್ರದ ಕೆಲಸ ಎಂದಿದ್ದೂ ಹಾಗೆಯೇ. ಈ ಊರಿನಲ್ಲಿ ನಮ್ಮ ಜಮಾಅತಿನ ಯಾವ ಹೆಂಗಸು ತೀರಿಕೊಂಡರೂ ಮಯ್ಯತ್ ಮೀಯಿಸಲು ನನ್ನನ್ನೇ ಕರೆಯುತ್ತಾರೆ. ಮೂವತ್ತು ವರ್ಷವಾಯಿತು. ನಿನಗೆ ಅದೆಂದರೆ ನಾಚಿಕೆ. ಶಾಲೆಯಲ್ಲಿ ಹುಡುಗಿಯರು ನಿನ್ನ ಬುತ್ತಿಗೆ ಕೈ ಹಾಕುತ್ತಿರಲಿಲ್ಲ ಎಂದು ಅತ್ತದ್ದು ನನಗೆ ನೆನಪಿದೆ. ಅಂಥವಳು ಅಲ್ಲಿಂದ ಫೋನು ಮಾಡಿ ವಿವರವಾಗಿ ಕೇಳಿದೆ. ಎಷ್ಟು ಜನ ಸೇರಿ ಮೀಯಿಸುತ್ತೀರಿ? ಹೊಟ್ಟೆ ಒತ್ತುವುದು ಯಾರು? ಆ ನೀರು ಎಲ್ಲಿಗೆ ಹೋಗುತ್ತದೆ? ಒರೆಸಿದ ಬಟ್ಟೆಯನ್ನು ಯಾರು ಒಗೆಯುತ್ತಾರೆ? ಮಗಳಿಗೆ ಕೊನೆಗೂ ಉಮ್ಮನ ಕೆಲಸದ ಬೆಲೆ ತಿಳಿಯಿತು ಎಂದು ನಾನು ಉಬ್ಬಿಹೋದೆ. ಕರ್ಪೂರದ ನೀರಿನಿಂದ ಹಿಡಿದು ಕೂದಲನ್ನು ಮೂರು ಜಡೆ ಹಾಕುವವರೆಗೆ ಒಂದೂ ಬಿಡದೆ ಹೇಳಿದೆ.

ಕಳೆದ ವಾರ ಫಯಾಝನ ಫೋನಿನಲ್ಲಿ ಒಂದು ಚಿತ್ರ ನೋಡಿದೆ. ಅಲ್ಲಿಯ ಹಳ್ಳಿಯ ಗೋಡೆಗೆ ಅಂಟಿಸಿದ್ದು, ಪಕ್ಕದಲ್ಲಿ ನೀನು ನಿಂತಿದ್ದೀ. ಚಿತ್ರದಲ್ಲಿ ಒಬ್ಬಳ ಬಲಗೈ ನೀರು ಹೊಯ್ಯುತ್ತಿದೆ, ಎಡಗೈ ಮಯ್ಯತ್ತಿನ ಹೊಟ್ಟೆಯನ್ನು ಮೆಲ್ಲನೆ ಒತ್ತುತ್ತಿದೆ. ನಾನು ಹೇಳಿದ ಹಾಗೆಯೇ. ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು. ಸತ್ತವರ ದೇಹದಿಂದಲೇ ರೋಗ ಹೆಚ್ಚು ಹರಡುತ್ತದೆ, ಮೀಯಿಸಬೇಡಿ ಎಂದು ಮನೆಮನೆಗೆ ಹೇಳುವುದು ನಿನ್ನ ಕೆಲಸವಾಗಿತ್ತಂತೆ. ಹೇಳಬೇಕಾದದ್ದೇ ಇರಬಹುದು. ಆದರೆ ನನ್ನ ಬಾಯಿಂದ ಕೇಳಿ ತಿಳಿದುಕೊಂಡು ನನ್ನ ಕೈಗೇ ಗೀಟು ಹಾಕಿದೆಯಲ್ಲ. ತುಂಬ ಬೇಸರವಾಯಿತು ಮಗಳೇ. ಅಂಥ ಮನೆಗಳಿಗೆ ಹೋದವಳು ಏನನ್ನೂ ಮುಟ್ಟಲಿಲ್ಲ ಎಂದರೆ ನಾನು ಹೇಗೆ ನಂಬಲಿ?

ಹತ್ತನೇ ದಿನ ಬುತ್ತಿ ಮುಚ್ಚಳ ತೆಗೆಯದೆ ವಾಪಸ್ ಬಂತು. ಮರುದಿನ ಬೆಳಿಗ್ಗೆ ಮೈ ತುಂಬ ಬಿಳಿ ಉಡುಪು ಹಾಕಿದವರು ಬಂದು ನಿನ್ನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ನಾಲ್ಕು ದಿನ ಕಳೆದು ಕೋಣೆಗೆ ವಾಪಸ್ ಬಂದವಳು, ಮಲೇರಿಯಾ ಇತ್ತು, ಎಬೋಲ ಇಲ್ಲ ಎಂದು ವರದಿ ಬಂತು ಎಂದು ಹೇಳಿ ಕಳಿಸಿದೆ. ನಿಜವೇ ಇರಬಹುದು. ಆದರೆ ಲಸಿಕೆ ಎಂದವಳೂ ನೀನೇ, ಕಾಗದಪತ್ರದ ಕೆಲಸ ಎಂದವಳೂ ನೀನೇ.

ಇನ್ನೊಂದು ಸುದ್ದಿಯನ್ನು ನಿನಗೆ ಹೇಳಬೇಡ ಎಂದು ಫಯಾಝನಿಗೆ ಹೇಳಿದ್ದೆ. ನೆರೆಮನೆಯ ಐಸಮ್ಮ ಹೋದ ಶುಕ್ರವಾರ ತೀರಿಕೊಂಡಳು. ನಾನು ಮಯ್ಯತ್ ಮೀಯಿಸಲು ಹೋದಾಗಲೆಲ್ಲ ನಿನಗೆ ಉಣ್ಣಿಸಿ ಮಲಗಿಸುತ್ತಿದ್ದವಳು. "ನನ್ನನ್ನು ನೀನೇ ಮೀಯಿಸಬೇಕು ಸಫಿಯಾ, ಬೇರೆಯವರಾದರೆ ಗಡಿಬಿಡಿ ಮಾಡ್ತಾರೆ" ಎಂದು ಎಷ್ಟೋ ಸಲ ಹೇಳಿದ್ದಳು. ನಾನು ಮಾತು ಕೊಟ್ಟಿದ್ದೆ. ಆದರೆ ನನ್ನನ್ನು ಯಾರೂ ಕರೆಯಲಿಲ್ಲ. ಉಪ್ಪಿನಂಗಡಿಯಿಂದ ಬೇರೆ ಹೆಂಗಸನ್ನು ಕರೆಸಿದರು. ಆಫ್ರಿಕದಿಂದ ಬಂದವಳ ಉಮ್ಮ ಬೇಡ ಎಂದಿರಬೇಕು. ಅವರು ನೀರು ಹೊಯ್ಯುವ ಸದ್ದು ಕೇಳುತ್ತಾ ನಾನು ಬೇಲಿಯ ಈಚೆ ಕೂತಿದ್ದೆ. ಈಗ ಬೇಲಿಯಾಚೆ ಕಂಡರೂ ಅವಳ ಸೊಸೆ ಮಾತಾಡುವುದಿಲ್ಲ.

ಇರಲಿ. ನಾಳಿದ್ದು ಶನಿವಾರಕ್ಕೆ ನಿನ್ನ ಇಪ್ಪತ್ತೊಂದು ದಿನ ಮುಗಿಯುತ್ತದೆ. ಅದಕ್ಕೂ ಮೊದಲು ಆ ರಕ್ತ ಪರೀಕ್ಷೆಯ ವರದಿ ಕಳಿಸು. ಫೋನಿನಲ್ಲಿ ಹೇಳುವುದು ಬೇಡ, ಮುದ್ರೆ ಇರುವ ಕಾಗದವೇ ಬೇಕು. ಶಂಕರಿಯಕ್ಕನಿಂದ ಓದಿಸುತ್ತೇನೆ. ಯಾಕೆ ಇಷ್ಟು ಹಟ ಎಂದು ಕೇಳಬೇಡ.

ನಿನ್ನ ಮೇಲೆ ಸಿಟ್ಟಾಗಿರುವ, ನಿನ್ನ ದಾರಿಯನ್ನೇ ಕಾಯುತ್ತಿರುವ
ಉಮ್ಮ
ಸಫಿಯಮ್ಮ

ಮತ್ತೆ ಬರೆದದ್ದು: ಮಡಚಿದ ಕಾಗದವನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ನಿನ್ನನ್ನು ಸುಳ್ಳಿ ಎಂದು ಬೈದು ನಾನೇ ಸುಳ್ಳು ಬರೆದೆ. ಐಸಮ್ಮನ ಮನೆಯವರು ನನ್ನನ್ನು ಕರೆಯಲು ಮೂರು ಸಲ ಬಂದಿದ್ದರು. ಸೊಸೆ ಅಂಗಳದಲ್ಲಿ ನಿಂತು ಅತ್ತಳು. ಮಂಡಿ ನೋವು, ಏಳಲು ಆಗುವುದಿಲ್ಲ ಎಂದೆ.

ಆ ಬುತ್ತಿ ವಾಪಸ್ ಬಂದ ಮರುದಿನ ಮೊದಲ ಬಸ್ಸಿಗೆ ನಾನು ಪುತ್ತೂರಿಗೆ ಬಂದಿದ್ದೆ. ಆಂಬುಲೆನ್ಸಿನವರಿಗೆ ಎಂದು ನೀನು ಬಾಗಿಲು ತೆರೆದಿಟ್ಟಿದ್ದೆ. ಕರೆದರೆ ಕಣ್ಣು ಬಿಡಲಿಲ್ಲ. ವಾಂತಿ ಬಳಿದು ತೆಗೆದೆ, ನಿನ್ನ ಮುಖ, ಕುತ್ತಿಗೆ, ಕೈಕಾಲು ಒರೆಸಿದೆ. ಮುಟ್ಟಬಾರದು ಎಂದು ಗೊತ್ತಿತ್ತು. ವಾಹನ ಬಂದಾಗ ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟೆ. ಎರಡು ದಿನ ಕಳೆದು ಐಸಮ್ಮ ತೀರಿಕೊಂಡಾಗ ನನ್ನ ಕೈಯನ್ನು ನಾನೇ ನಂಬಲಿಲ್ಲ. ಜ್ವರ ಬರುವ ಮೊದಲು ಹರಡುವುದಿಲ್ಲ ಎಂದು ನೀನು ಬರೆದಿದ್ದೀ, ಆದರೆ ಮೀಯಿಸಿದ ಮೇಲೆ ಅವಳ ಮೊಮ್ಮಕ್ಕಳೆಲ್ಲ ಬಂದು ಆ ಹಣೆಗೆ ಮುತ್ತು ಕೊಡುವವರು.

ನಾನು ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಬೇರೆ ಇದ್ದೇನೆ. ನನಗೆ ಇವತ್ತು ಒಂಬತ್ತನೇ ದಿನ, ಜ್ವರ ಇಲ್ಲ. ಅಡುಗೆ ಎಲ್ಲ ಫಯಾಝನದ್ದು. ಶನಿವಾರ ಬಂದರೆ ಅಂಗಳದಲ್ಲೇ ನಿಲ್ಲು. ನಿನ್ನ ವರದಿ ನಿಜವಾದರೆ ನಾನು ಐಸಮ್ಮನಿಗೆ ಕೊಟ್ಟ ಮಾತನ್ನು ಸುಮ್ಮನೆ ಮುರಿದ ಹಾಗಾಯಿತು. ಆದರೂ ಅದು ನಿಜವಾಗಲಿ ಎಂದೇ ಐದು ಹೊತ್ತೂ ಬೇಡುತ್ತಿದ್ದೇನೆ.