ಎಡಕ್ಕೆ ಸುತ್ತಿದ ಚಿಪ್ಪುಗಳು

ಪ್ರಕಟಣಾ ವಿಭಾಗದ ಮಾನ್ಯ ನಿರ್ದೇಶಕರೇ,

ನೀವು ಹೊರತಂದಿರುವ ಬಸವನಹುಳುಗಳ ಪುಸ್ತಕದ ಚಿತ್ರಗಳೆಲ್ಲ ನನ್ನ ಅಕ್ಕನವು. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. ಸಂಶೋಧನೆಗಾಗಿ ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬರೆದ ಆ ಚಿತ್ರಗಳನ್ನು ಅವಳು ಜಾಲತಾಣದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಳು. ಬಳಸಿದವರು ಹೆಸರು ಹೇಳಿ ಎಂದಷ್ಟೇ ಕೇಳಿದ್ದಳು. ನಿಮ್ಮ ಲೇಖಕರ ಧಾರಾಳತನಕ್ಕೇನೂ ಕೊರತೆಯಿಲ್ಲ. ಮುನ್ನುಡಿಯಲ್ಲಿ ಭಾವಮೈದುನನ ಕಾರಿಗೂ ಕೃತಜ್ಞತೆ ಸಲ್ಲಿಸಿದ್ದಾರೆ. ಅಕ್ಕನ ಹೊತ್ತಿಗೆ ಶಾಯಿ ಮುಗಿದಿತ್ತೇ?

ಕೇಳೋಣವೆಂದು ನಿಮ್ಮ ಕಚೇರಿಗೆ ಬಂದೆ. ಸಂಪಾದಕರು ಕನ್ನಡಕ ಒರೆಸಿಕೊಳ್ಳುತ್ತಾ, "ಇದ್ದ ಹಾಗೇ ಹಾಕಿದ್ರೆ ಹೆಸರು ಕೊಡ್ಬೇಕಿತ್ತು ಮೇಡಂ. ನಾವು ತಿರುಗಿಸಿ ಹಾಕಿದೀವಲ್ಲ, ಅದು ನಮ್ದೇ ಚಿತ್ರ ಆಯ್ತು" ಎಂದರು. ತಿರುಗಿಸಿದ್ದು ನಿಜ. ಎಡ ಬಲವಾಗಿದೆ, ಬಲ ಎಡವಾಗಿದೆ. ಆದರೆ ಸ್ವಾಮಿ, ಆ ಜಾತಿಯ ಹುಳುಗಳ ಚಿಪ್ಪು ಬಲಕ್ಕೆ ಸುತ್ತುತ್ತದೆ. ನಿಮ್ಮ ಪುಸ್ತಕದಲ್ಲಿ ಒಂದೂ ಬಿಡದೆ ಎಡಕ್ಕೆ ಸುತ್ತಿವೆ. ಬೇರೆಯವರ ಅಂಗಿಯನ್ನು ಒಳಗು ಹೊರಗು ಮಾಡಿ ತೊಟ್ಟರೆ ಅದು ನಿಮ್ಮದಾಗುತ್ತದೆಯೇ? ಮನೆಯಲ್ಲಿ ಅಕ್ಕ ಪುಸ್ತಕವನ್ನು ಬೇಸಿನ್ ಮೇಲಿನ ಕನ್ನಡಿಗೆ ಹಿಡಿದಳು. ಅವಳು ಇದ್ದ ಹಾಗೇ ಬರೆದಿದ್ದ ಅಂಚು ಮುರಿದ ಚಿಪ್ಪಿನ ಸಮೇತ ಅವಳ ಚಿತ್ರಗಳೆಲ್ಲ ಬಲಕ್ಕೇ ಸುತ್ತಿಕೊಂಡು ಅಲ್ಲಿದ್ದವು.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆವೇನೋ. ವಸ್ತುಸಂಗ್ರಹಾಲಯದಲ್ಲಿ ಚಿತ್ರಕಾರರ ಕೆಲಸಕ್ಕೆ ಅಕ್ಕ ಇದೇ ಚಿತ್ರಗಳನ್ನು ಲಗತ್ತಿಸಿ ಅರ್ಜಿ ಹಾಕಿದ್ದಾಳೆ. ಆಯ್ಕೆ ಸಮಿತಿಯವರು ನಿಮ್ಮ ಪುಸ್ತಕವನ್ನು ಮುಂದಿಟ್ಟುಕೊಂಡು, ಇದನ್ನು ನೋಡಿ ನೀವು ನಕಲು ಮಾಡಿದ್ದೀರಿ ಎಂದರಂತೆ. ಜಾಲತಾಣದ ಹಳೆಯ ತಾರೀಕು ತೋರಿಸಿದರೆ, ಅಚ್ಚಾದದ್ದು ಯಾವುದು ಎಂದು ಕೇಳಿದರಂತೆ. ಈಗ ಪ್ರಕಾಶಕರಿಂದ, ಅಂದರೆ ನಿಮ್ಮಿಂದ, ಪತ್ರ ತಂದರೆ ಮಾತ್ರ ಅವಳ ಅರ್ಜಿ ಉಳಿಯುತ್ತದೆ. "ನನ್ನ ಚಿತ್ರಾನ ನಾನೇ ಕದ್ದೆ ಅಂತಾರಲ್ಲೇ, ಏನಂತ ಉತ್ರ ಕೊಡ್ಲಿ?" ಎಂದಳು ಅಕ್ಕ.

ನಿಮ್ಮ ಕೃತಜ್ಞತೆ ಭಾವಮೈದುನನ ಕಾರಿಗೇ ಇರಲಿ. ನಮಗೆ ಬೇಕಾದದ್ದು ನಿಜ. ಚಿತ್ರಗಳು ಅವಳವು, ತಿರುಗಿಸಿದವರು ನಾವು ಎಂದು ಸಮಿತಿಗೆ ಈ ವಾರವೇ ಬರೆಯಿರಿ. ಮಾರಾಟವಾಗದೆ ಉಳಿದ ಪ್ರತಿಗಳಲ್ಲಿ ಅವಳ ಹೆಸರಿನ ಚೀಟಿ ಅಂಟಿಸಿ. ತಡಮಾಡಬೇಡಿ. ನಿನ್ನೆ ಅಕ್ಕ ಹೊಸ ಚಿಪ್ಪೊಂದನ್ನು ಬರೆಯಲು ಕೂತಳು. ಚಿಪ್ಪು ಕಣ್ಣೆದುರಿಗೇ ಇತ್ತು. ಆದರೂ ಪೆನ್ಸಿಲ್ ಎತ್ತಿ ಹಿಡಿದು ನನ್ನನ್ನು ಕೇಳಿದಳು: "ಇದು ಯಾವ ಕಡೆಗೆ ಸುತ್ತಿದೆ, ನೀನೇ ನೋಡಿ ಹೇಳೇ."

ಇಂತಿ,
ನಿಮ್ಮ ಪುಸ್ತಕವನ್ನು ಕನ್ನಡಿಯಲ್ಲೇ ಓದಬೇಕಾಗಿ ಬಂದಿರುವ,
ಚಿತ್ರ ಬರೆದವಳ ತಂಗಿ