ಎತ್ತಿದರೆ ಚಿಗವ್ವನಿಗೆ ಹೋಗುವ ಫೋನು

ಅವ್ವಾ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಸಕ್ಕರೆ ಕಾಯಿಲೆ ತಿಂದುಹಾಕಿದ ನಿನ್ನ ಕಣ್ಣು ಈಗಲಾದರೂ ನೆಟ್ಟಗಾಗಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ. ದಿನಚರಿಯಲ್ಲಿ ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನೀನು ಆ ಫೋನು ಕೇಳಿದ ಸಂಜೆ ನೆನಪಿದೆ. ಬಾಗೇವಾಡಿಯ ನಮ್ಮ ಪಡಸಾಲೆಯಲ್ಲಿ ನೀನು ಕೂತಿದ್ದೆ. ನಾನು ನನ್ನ ಮೊಬೈಲಿನಿಂದ ತಂಗಡಗಿಗೆ, ನಿನ್ನ ತಂಗಿ ಚಿಗವ್ವನಿಗೆ ಹಚ್ಚಿ, ಸ್ಪೀಕರ್ ಹಾಕಿ, ನಿನ್ನ ಮುಖದ ಹತ್ತಿರ ಹಿಡಿದಿದ್ದೆ. ಅವಳ ಸೊಂಟ ಮುರಿದಿತ್ತು, ನಿನಗೆ ಕಣ್ಣು ಕಾಣುತ್ತಿರಲಿಲ್ಲ. ನೀವಿಬ್ಬರು ಭೆಟ್ಟಿಯಾಗಿ ಎರಡು ವರ್ಷ ದಾಟಿತ್ತು. ಆದರೂ ನೀನು ಆಡಿದ ಮಾತು: "ಉಂಡಿ? ಹೂಂ. ಮಳಿ ಆತ? ಆತು, ಇಡು."

"ಇಷ್ಟ ಏನಬೇ?" ಅಂದೆ.

"ಮತ್ತೇನು? ನೀ ಮಗ್ಗಲಕ್ಕ ಗೂಟದಂಗ ನಿಂತೀದಿ. ಅಕ್ಕ ತಂಗಿ ಏನ್ ಮಾತಾಡೂಣು? ನನಗ ಒಂದು ಹಳೇ ಫೋನ್ ಕೊಡು. ಎತ್ತಿದ ಕೂಡ್ಲೆ ಆಕಿ ಮನ್ಯಾಗ ಗಂಟಿ ಹೊಡೀಬೇಕು. ನಂಬರ್ ಒತ್ತು ಅಂತ ಯಾರನ್ನೂ ಕರ್ಯಾಂಗ ಇರಬಾರ್ದು."

ಮೋಟಾರು ವೈಂಡಿಂಗ್ ಮಾಡುವ ನನಗೆ ಅದು ದೊಡ್ಡ ಕೆಲಸ ಅನ್ನಿಸಲಿಲ್ಲ. ಮನೆಯಲ್ಲೇ ಒಂದು ಸಣ್ಣ ಕಂಪ್ಯೂಟರಿಟ್ಟು ಅದನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವುದು. ಈ ಕಡೆ ನಿನ್ನ ಫೋನು, ಆ ಕಡೆ ಚಿಗವ್ವನ ಫೋನು, ನಡುವೆ ಇಂಟರ್ನೆಟ್. ನಮ್ಮ ಕಡೆ ಕರೆಂಟು ಹೋಗುವುದು ನಿನಗೆ ಗೊತ್ತೇ ಇದೆ. ಸಣ್ಣ ಬ್ಯಾಟರಿಯ ಮೇಲೆ ದಿನವಿಡೀ ನಡೆಯಬೇಕೆಂದರೆ ತೀರಾ ಕಡಿಮೆ ಕರೆಂಟು ತಿನ್ನುವ ಕಂಪ್ಯೂಟರೇ ಬೇಕು. ಇಸ್ಪೀಟಿನ ಎಲೆಯಷ್ಟು ಅಗಲದ ಬೋರ್ಡೊಂದನ್ನು ತರಿಸಿದೆ. ವಾರದೊಳಗೆ ಬಂತು. ಬಂದದ್ದನ್ನು ನಿನಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ನಾನು ಅಂಗಡಿ ತೆಗೆದ ದಿನ ನೀನು ಹೇಳಿದ ಮಾತೊಂದಿತ್ತು: "ಒಂದ್ ದಿನಾ ಪೂರಾ ಓಡಿಸಿ ನೋಡಲಾರ್ದ ಯಾರ ಮೋಟರೂ ತಿರುಗಿ ಕೊಡಬ್ಯಾಡ. ಹೊಲದಾಗ ಅವರ ಬೆಳಿ ಒಣಗ್ತೈತಿ." ಅದನ್ನು ಇಪ್ಪತ್ತು ವರ್ಷ ನಡೆಸಿಕೊಂಡು ಬಂದಿದ್ದೇನೆ. ಬೋರ್ಡನ್ನೂ ಓಡಿಸಿ ನೋಡಿದೆ. ಬಿಸಿಯಾಗುತ್ತಿತ್ತು. ಕರೆಂಟು ದಿಢೀರನೆ ಹೋದರೆ ಅದರ ಮೆಮೊರಿ ಕಾರ್ಡು ಕೆಡಬಹುದು ಎಂದು ಎಲ್ಲೋ ಓದಿದೆ. ಬ್ಯಾಟರಿ ಇದ್ದಮೇಲೆ ದಿಢೀರನೆ ಹೇಗೆ ಹೋದೀತು ಎಂದು ಯೋಚಿಸಲಿಲ್ಲ. ಯಾವುದೋ ಆಫೀಸಿನವರು ಮಾರಿದ, ಪುಸ್ತಕದಷ್ಟು ದಪ್ಪದ ಹಳೆಯ ಕಂಪ್ಯೂಟರು ತಂದೆ. ಗಟ್ಟಿಯಾಗಿತ್ತು, ಆದರೆ ಬೋರ್ಡಿನ ಮೂರು ಪಟ್ಟು ಕರೆಂಟು ತಿಂದಿತು. ಆಮೇಲೆ ಟೀವಿಗೆ ಹಚ್ಚುವ ಪೆಟ್ಟಿಗೆಯೊಂದನ್ನು ತಂದು ಅದರೊಳಗಿನ ಸಾಫ್ಟ್‌ವೇರ್ ಬದಲಿಸಿದೆ. ಅದು ಎಲ್ಲಕ್ಕಿಂತ ಕಡಿಮೆ ತಿನ್ನುತ್ತಿತ್ತು, ನಡುನಡುವೆ ನಿಂತುಬಿಡುತ್ತಿತ್ತು. ಮತ್ತೆ ಮೊದಲನೆಯದು. ಮತ್ತೆ ಕರೆಂಟು ಅಳೆಯುವ ಮೀಟರು.

ಅಳೆದದ್ದನ್ನೆಲ್ಲ ಮೊಬೈಲಿನ ಗುಂಪಿಗೆ ಹಾಕುತ್ತಿದ್ದೆ. ಇಂಡಿಯಿಂದ, ಸಿಂದಗಿಯಿಂದ ನನ್ನಂಥದೇ ಅಂಗಡಿಯವರು "ಭಾರೀ ನೋಡ್ರಿ" ಎಂದು ಬರೆಯುತ್ತಿದ್ದರು. ಅರ್ಧ ವ್ಯಾಟು ಉಳಿದ ದಿನ ನಾನು ಹಿಗ್ಗಿ ಓಡಾಡುತ್ತಿದ್ದೆ. ನೀನು ಅದೇ ದಿನ, ನಿನಗೆಂದು ತಂದು ಕೋಣೆಯ ಗೂಡಿನಲ್ಲಿಟ್ಟಿದ್ದ, ಇನ್ನೂ ವಾಯರು ಹಚ್ಚದ ಕೆಂಪು ಫೋನನ್ನು ಸೆರಗಿನಿಂದ ಒರೆಸಿ, ಎತ್ತಿ, ಕಿವಿಗೆ ಹಿಡಿದು, ಮತ್ತೆ ಇಟ್ಟಿರಬೇಕು. ಹಾಗೆ ಮಾಡುವುದನ್ನು ನಾನೇ ಎರಡು ಸಲ ನೋಡಿದ್ದೆ. ನೋಡಿಯೂ...

ನಿನ್ನ ಸೊಸೆ ಒಂದು ದಿನ ಮೊರದಲ್ಲಿ ಜೋಳ ಹಸನು ಮಾಡುತ್ತ ಅಂದಳು: "ಕಂಪ್ಯೂಟರ್ ತರಾಕತ್ತೀರೋ, ವರಾ ನೋಡಾಕತ್ತೀರೋ? ಮಗಳ ಲಗ್ನಕ್ಕೂ ಇಷ್ಟು ಮಂದೀನ ನೋಡಿರ್ಲಿಲ್ಲಲ್ರಿ ನೀವು."

ನಾನು ನಕ್ಕುಬಿಟ್ಟೆ. ನೀನು ಒಳಗಿನಿಂದ ಕೇಳಿದೆ: "ನನ್ನ ಫೋನಿನ ಪೆಟ್ಟಿಗಿ ಬಂತೇನಪಾ?"

"ಇಲ್ಲಬೇ, ಪಾರ್ಸಲ್ ಇನ್ನ ಹಾದ್ಯಾಗೈತಿ."

"ಎತ್ತಿನ ಬಂಡ್ಯಾಗ ಕಳಿಸಿದ್ರೂ ಇಷ್ಟೊತ್ತಿಗೆ ಬರ್ತಿತ್ತು."

ಆಗ ಮೂರು ಪೆಟ್ಟಿಗೆಗಳು ನಿನ್ನ ತಲೆಯ ಮೇಲಿನ ಹಲಗೆಯಲ್ಲೇ ಇದ್ದವು. ಕಣ್ಣು ಕಾಣದವಳಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಅವ್ವಾ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ನೀನು ಕೇಳುವುದನ್ನೇ ಬಿಟ್ಟೆ. ಮರೆತಿರಬೇಕು ಎಂದುಕೊಂಡೆ. ಇನ್ನಷ್ಟು ದಿನ ಅಳೆಯಬಹುದು ಎಂದು ಹಗುರಾದೆ. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಹಗುರಾದದ್ದು ನಿಜ.

ಯುಗಾದಿಗೆ ಎಂಟು ದಿನ ಇರುವಾಗ ನೀನು ಹೋದೆ. ಚಿಗವ್ವನಿಗೆ ಬರಲಾಗಲಿಲ್ಲ. ಮೊಬೈಲಿನಲ್ಲಿ ನಿನ್ನ ಮುಖ ತೋರಿಸಿದೆ. ಆಗಲೂ ಅದನ್ನು ಹಿಡಿದುಕೊಂಡು ನಿಂತವನು ನಾನೇ.

ಬಂಧುಗಳೆಲ್ಲ ಹೋದ ಮೇಲೆ ನಿನ್ನ ಕೋಣೆಯಲ್ಲಿ ಕೂತು, ಎಲ್ಲಕ್ಕೂ ಮೊದಲು ತಂದಿದ್ದ ಆ ಇಸ್ಪೀಟಿನ ಎಲೆಯಷ್ಟು ಬೋರ್ಡನ್ನೇ ಜೋಡಿಸಿದೆ. ಒಂದು ಮುಂಜಾನೆ ಸಾಕಾಯಿತು. ಬೇಕೆಂದೇ ಮೇನ್ ಸ್ವಿಚ್ ತೆಗೆದೆ. ಬ್ಯಾಟರಿಯ ಮೇಲೆ ಸಂಜೆಯ ತನಕ ನಡೆಯಿತು. ಕಾರ್ಡು ಕೆಡಲಿಲ್ಲ, ಏನೂ ಆಗಲಿಲ್ಲ. ಎಂಟು ತಿಂಗಳು ನಾನು ಅಳೆದದ್ದು ಏನನ್ನು?

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಿನ್ನ ಸೊಸೆ ಆಗ ಹೇಳಿದಳು: "ಅತ್ತಿಯವರಿಗೆ ಗೊತ್ತಿತ್ರಿ. ಎಳ್ಳಮಾಸಿ ದಿನ ಹಲಗಿ ಮ್ಯಾಲೆ ಕೈ ಆಡಿಸಿದ್ರು, ಮೂರೂ ಪೆಟ್ಟಿಗಿ ಮುಟ್ಟಿ ನೋಡಿದ್ರು. 'ಅವಂಗ ಹೇಳಬ್ಯಾಡವಾ, ನಾಚ್ಕೋತಾನ' ಅಂದ್ರು."

ನೀನು ಮರೆತಿರಲಿಲ್ಲ. ನನ್ನ ಮರ್ಯಾದೆ ಕಾಯಲು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ದಿನ.

ಮರುದಿನ ಮುದ್ದೇಬಿಹಾಳದ ಮೇಲೆ ಬಸ್ಸು ಹಿಡಿದು ತಂಗಡಗಿಗೆ ಹೋದೆ. ಚಿಗವ್ವನ ಮಂಚದ ಪಕ್ಕ ಇನ್ನೊಂದು ಫೋನಿಟ್ಟು ಇಂಟರ್ನೆಟ್ ವಾಯರು ಹಚ್ಚಿದೆ. ಅವಳು ಫೋನಿನ ಮೇಲೆ ಕೈಯಿಟ್ಟು ಕೇಳಿದಳು: "ಈಗ ಯಾರಿಗೆ ಮಾತಾಡಾಕ ತಂದೀಯೋ?"

ಎಲ್ಲವನ್ನೂ ಒಪ್ಪಿಕೊಂಡೆ: ಹಲಗೆ, ಪಾರ್ಸಲ್ಲು, ಸುಳ್ಳು. ಆಮೇಲೆ, ಕೇಳಬಾರದು ಎನ್ನಿಸಿದರೂ ಕೇಳಿದೆ: "ಅವ್ವ ನಿನ್ನ ಕೂಡ ಏನ್ ಮಾತಾಡೂದಿತ್ತು?"

"ಅದನ್ನ ನಿನಗ ಹೇಳೂದಿದ್ರ ನಿನ್ನ ಮುಂದನ ಆಡ್ತಿದ್ಲು," ಅಂದಳು. ಸಿಟ್ಟಿನಿಂದ ಅಲ್ಲ. ಚಹಾ ಕುಡಿದು ಹೋಗು ಅಂದಳು.

ನೀನು ಕೇಳದೇ ಹೋದ ಸುದ್ದಿ ಇಷ್ಟು. ಈಗ ದಿನಾ ಮುಂಜಾನೆ ಚಿಗವ್ವ ಫೋನೆತ್ತುತ್ತಾಳೆ, ನಿನ್ನ ಗೂಡಿನಲ್ಲಿ ಗಂಟೆ ಹೊಡೆಯುತ್ತದೆ. ನಿನ್ನ ಸೊಸೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಓಡುತ್ತಾಳೆ. ಮೊದಲೆರಡು ದಿನ ಅವರಿಬ್ಬರೂ "ಉಂಡ್ರಿ? ಹೂಂ," ಎಂದು ಇಟ್ಟುಬಿಡುತ್ತಿದ್ದರು. ಹೊಸ್ತಿಲಲ್ಲಿ ನಾನು ನಿಂತಿದ್ದೆ, ಲೈನು ಸರಿ ಇದೆಯೋ ಇಲ್ಲವೋ ನೋಡಲೆಂದು. ಮೂರನೆಯ ದಿನ ತಿಳಿಯಿತು, ಈಗಲೂ ಮಗ್ಗುಲಲ್ಲಿ ಗೂಟದಂತೆ ನಿಂತವನು ನಾನೇ ಎಂದು. ಈಗ ಗಂಟೆ ಹೊಡೆದ ಕೂಡಲೇ ಎದ್ದು ಹೊರಗೆ ಬರುತ್ತೇನೆ, ಬಾಗಿಲು ಮುಂದೆ ಮಾಡುತ್ತೇನೆ, ಅಂಗಳ ದಾಟಿ ಅಂಗಡಿಗೆ ಹೋಗುತ್ತೇನೆ. ಒಳಗೆ ಏನು ಮಾತಾಡುತ್ತಾರೋ ಗೊತ್ತಿಲ್ಲ. ಬಹಳ ಹೊತ್ತು ಮಾತಾಡುತ್ತಾರೆ.